ಹೊರದೇಶದಲ್ಲಿ ನಮ್ಮ ಹಾಡುಗಾರಿಕೆ

ವಿದೇಶಕ್ಕೆ ಹೋಗಿಬಂದವರನ್ನು ಕಂಡರೆ ನನಗೆ ಮೊದಲಿನಿಂದಲೂ ಸ್ವಲ್ಪ ಹೊಟ್ಟೆಕಿಚ್ಚು. ಅವರು ಹೋಗಿಬಂದದ್ದಕ್ಕಲ್ಲ, ಬಂದ ಮೇಲೆ ಬಾಯಿ ಮುಚ್ಚದೆ ಇರುವುದಕ್ಕೆ. ಮದುವೆ ಮನೆಯಲ್ಲಿ ಪಕ್ಕದ ಎಲೆಗೆ ಅಂಥವರೊಬ್ಬರು ಬಂದು ಕೂತರೆಂದರೆ ತೀರಿತು. ಸಾರನ್ನಕ್ಕೆ ನಮ್ಮನ್ನು ಹಡಗು ಹತ್ತಿಸಿದವರು ಮಜ್ಜಿಗೆ ಬರುವವರೆಗೂ ಇಳಿಸುವುದಿಲ್ಲ. ಅಂಥ ಹೊತ್ತಿನಲ್ಲಿ ನಾನೂ ಮೆಲ್ಲಗೆ, "ನಾನೂ ಒಂದು ಸಲ ಹೊರದೇಶಕ್ಕೆ ಹೋಗಿದ್ದೆ, ಹನ್ನೆರಡು ಜನ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು, ಹಾಡಿಸುವುದಕ್ಕೆ" ಎಂದು ಹೇಳಿಬಿಡುತ್ತೇನೆ. ಅವರ ಕೈ ತುತ್ತಿನ ಸಮೇತ ಅರ್ಧದಲ್ಲೇ ನಿಲ್ಲುತ್ತದೆ. ಯಾವ ದೇಶ ಎಂದು ಅವರು ಕೇಳುವಷ್ಟರಲ್ಲಿ ನಾನು ಕೈ ತೊಳೆಯಲು ಎದ್ದಿರುತ್ತೇನೆ. ನಿಮ್ಮ ಹತ್ತಿರ ಹಾಗೆ ಮಾಡಲು ಮನಸ್ಸು ಬರುವುದಿಲ್ಲ. ನಾವು ಹೋದ ಹೊರದೇಶ ಹಿಂದೂಪುರ.

ನಗಬೇಡಿ. ಎರಡನೆಯ ಮಹಾಯುದ್ಧ ಮುಗಿದ ಮರುವರ್ಷದ ಮಾತಿದು. ಆಗ ನಮ್ಮ ದೊಡ್ಡಬಳ್ಳಾಪುರ ಇದ್ದದ್ದು ಮೈಸೂರು ಸಂಸ್ಥಾನದಲ್ಲಿ, ಹಿಂದೂಪುರ ಇದ್ದದ್ದು ಇಂಗ್ಲಿಷರ ಮದರಾಸು ಪ್ರಾಂತ್ಯದಲ್ಲಿ. ಬೆಳಿಗ್ಗೆ ಮುದ್ದೆ ಉಂಡು ರೈಲು ಹತ್ತಿದರೆ ಮಧ್ಯಾಹ್ನದ ಹೊತ್ತಿಗೆ ಮಹಾರಾಜರ ರಾಜ್ಯ ಮುಗಿದು ಚಕ್ರವರ್ತಿಗಳ ರಾಜ್ಯ ಶುರುವಾಗುತ್ತಿತ್ತು. ಆದರೂ ಅದನ್ನು ಹೊರದೇಶ ಎಂದು ಕರೆಯುವ ಧೈರ್ಯ ನನ್ನದಲ್ಲ, ನಾನು ಮೇಷ್ಟ್ರಾಗಿದ್ದ ಮಿಡ್ಲ್ ಸ್ಕೂಲಿನ ಹೆಡ್ಮಾಸ್ಟರದು. ಅವರಿಗೆ ದೊಡ್ಡ ಮಾತುಗಳ ಚಟ. ಶಾಲೆಯ ಹಿತ್ತಿಲಲ್ಲಿದ್ದ ನಾಲ್ಕು ಬದನೆ ಗಿಡಗಳ ಮುಂದೆ 'ವ್ಯವಸಾಯ ವಿಭಾಗ' ಎಂದು ಬೋರ್ಡು ನೆಡಿಸಿದ್ದ ಮಹಾನುಭಾವರು. ಹಿಂದೂಪುರದ ಭಜನೆ ಮಂಡಳಿಯೊಂದು, ಬೇಸಿಗೆ ರಜೆಯಲ್ಲಿ ನಿಮ್ಮ ಮಕ್ಕಳನ್ನು ಕಳಿಸಿ, ಒಂದು ಸಂಜೆ ಹಾಡಲಿ ಎಂದು ಕಾರ್ಡು ಬರೆದದ್ದೇ ತಡ, 'ವಿದ್ಯಾರ್ಥಿ ಗಾಯನ ವೃಂದದ ಹೊರದೇಶ ಸಂಗೀತ ಪ್ರವಾಸ' ಎಂದು ನೋಟೀಸು ಅಂಟಿಸಿಬಿಟ್ಟರು. ಆಗ ನಮ್ಮಲ್ಲಿ ಗಾಯನ ವೃಂದ ಎಂಬುದೇ ಇರಲಿಲ್ಲ. ಅದನ್ನು ಕಟ್ಟಬೇಕಾದವನ ಹೆಸರು ನೋಟೀಸಿನ ಕೊನೆಯ ಸಾಲಿನಲ್ಲಿತ್ತು. ಓದಿ ನೋಡಿದರೆ ನನ್ನದು.

ನನಗೆ ಸಂಗೀತ ಬರುವುದಿಲ್ಲ. ಬರುವುದಿಲ್ಲ ಎಂದರೆ ವಿನಯಕ್ಕೆ ಹೇಳುವ ಮಾತಲ್ಲ. ನಾನು ಲಾಲಿ ಹಾಡಿದರೆ ತೊಟ್ಟಿಲಲ್ಲಿದ್ದ ಅಕ್ಕನ ಮಗು ಅಳು ನಿಲ್ಲಿಸಿ ಗಾಬರಿಯಿಂದ ನೋಡುತ್ತಿತ್ತು. ಹೀಗಿರುವಾಗ ನಾನು ಸಂಗೀತಗಾರನೆಂದು ಊರಿಗೆಲ್ಲ ಹಬ್ಬಿಸಿದವರು ನನ್ನ ಸೋದರಮಾವ. ಅದಕ್ಕೂ ಕಾರಣವಿತ್ತು. ಹಿಂದಿನ ವರ್ಷ ಗೌರಿಬಿದನೂರಿನಲ್ಲಿ ಒಂದು ಮದುವೆಗೆ ಹೋಗಿದ್ದಾಗ ನಮ್ಮ ಪಂಕ್ತಿಗೆ ಮಜ್ಜಿಗೆ ಬಡಿಸುತ್ತ ಬಂದ ಹುಡುಗಿಯನ್ನು ನೋಡಿ ನಾನು ಮೂರು ಸಲ ಮಜ್ಜಿಗೆ ಹಾಕಿಸಿಕೊಂಡಿದ್ದೆ. ಅವಳು ನನ್ನ ಮುಖ ನೋಡಲಿಲ್ಲ. ಬಡಿಸುವವರು ಎಲೆ ನೋಡುತ್ತಾರೆಯೇ ಹೊರತು ಉಣ್ಣುವವನನ್ನಲ್ಲ. ವಿಚಾರಿಸಿದರೆ ಹೆಸರು ಸರೋಜ, ಹಿಂದೂಪುರದ ಸೀರೆ ವ್ಯಾಪಾರಿ ನಾರಾಯಣಪ್ಪನವರ ಮಗಳು, ನಮ್ಮ ಹಾಗೆಯೇ ನೇಕಾರರ ಪೈಕಿ. ಎಲ್ಲವೂ ಸರಿ, ಆದರೆ ನಾರಾಯಣಪ್ಪನವರಿಗೆ ಸಂಗೀತದ ಹುಚ್ಚು. ಅಳಿಯನಿಗೆ ಆಸ್ತಿ ಇಲ್ಲದಿದ್ದರೂ ಚಿಂತೆಯಿಲ್ಲ, ಹಾಡು ಬರಬೇಕು ಎಂದು ಹಟ ಹಿಡಿದಿದ್ದರು. ನಮ್ಮ ಮಾವ ಒಂದು ಕ್ಷಣವೂ ತಡಮಾಡದೆ, "ಹಾಡೋದೇನು ಸ್ವಾಮಿ, ಮಕ್ಕಳಿಗೆ ಕಲಿಸೋದೇ ಇವನು!" ಎಂದುಬಿಟ್ಟಿದ್ದರು. ಆ ಭಜನೆ ಮಂಡಳಿಯ ಅಧ್ಯಕ್ಷರು ಇದೇ ನಾರಾಯಣಪ್ಪನವರು. ಹಾಡು ಎನ್ನುವುದು ನೆಪ, ಅವರು ಕರೆಸಿದ್ದು ನನ್ನನ್ನು ಪರೀಕ್ಷೆ ಮಾಡುವುದಕ್ಕೆ.

"ನಿಜ ಹೇಳಿಬಿಡೋಣ ಮಾವ" ಎಂದೆ. "ಹೇಳು, ಹೇಳು. ಆಮೇಲೆ ಆ ಹುಡುಗೀನ ಯಾವನೋ ತಬಲದವನಿಗೆ ಕೊಡ್ತಾರೆ. ನೀನು ಇಲ್ಲೇ ಕೂತ್ಕೊಂಡು ಮಜ್ಜಿಗೆ ಕುಡೀತಿರು" ಎಂದರು. ನಾನು ಬಾಯಿ ಮುಚ್ಚಿಕೊಂಡು ಮಕ್ಕಳನ್ನು ಕೂಡಿಸಲು ಹೊರಟೆ.

ಶಾಲೆಯದು ತಗಡಿನ ಮಾಡು. ಬೇಸಿಗೆಯಲ್ಲಿ ಒಳಗೆ ಕೂತರೆ ಮನುಷ್ಯ ಹಪ್ಪಳವಾಗುತ್ತಿದ್ದ. ಆಗ ಕೈಹಿಡಿದವರು ನಮ್ಮ ಬೀದಿಯ ಚೌಡಪ್ಪನವರು. ವಯಸ್ಸು ಐವತ್ತೈದರ ಆಚೆ, ಬಿಳಿಯ ಹುರಿಮೀಸೆ, ಮನೆಯ ಪಡಸಾಲೆಯಲ್ಲೇ ಕೈಮಗ್ಗ. ಅವರ ಮೊಮ್ಮಗಳು ಪುಟ್ಟಲಕ್ಷ್ಮಿ ನಮ್ಮ ಶಾಲೆಯಲ್ಲೇ ಓದುತ್ತಿದ್ದಳು. "ಅಲ್ಲಿ ಯಾಕ್ ಬೇಯ್ತೀರಾ ಮೇಷ್ಟ್ರೇ? ನಮ್ಮನೆಗೆ ಬನ್ನಿ, ತಂಪಾಗೈತೆ. ನಂಗೂ ನಾಕು ದೇವರ ನಾಮ ಕಿವಿಗೆ ಬಿದ್ದಂಗಾಯ್ತದೆ" ಎಂದು ಕರೆದರು. ಅಲ್ಲಿ ಹೋದ ಮೇಲೆ ನನ್ನ ಕಷ್ಟಗಳೆಲ್ಲ ತಾವಾಗಿಯೇ ಪರಿಹಾರವಾದವು. ಪುಟ್ಟಲಕ್ಷ್ಮಿಗೆ ಅಜ್ಜಿ ಹೇಳಿಕೊಟ್ಟ ಮೂರು ಹಾಡು ಬರುತ್ತಿದ್ದವು. ಅವಳು ಹೇಳಿಕೊಟ್ಟಳು, ಉಳಿದವರು ಕಲಿತರು. ತಾಳ ಹಾಕುವ ಕೆಲಸವನ್ನು ಚೌಡಪ್ಪನವರ ಮಗ್ಗ ವಹಿಸಿಕೊಂಡಿತು. ಲಾಳಿ ಆ ಕಡೆಯಿಂದ ಈ ಕಡೆಗೆ ಹಾರುವ ಟಕ್ಕು ಟಕ್ಕಿಗೆ ಹನ್ನೆರಡು ಮಕ್ಕಳೂ ಒಂದೇ ಉಸಿರಿನಲ್ಲಿ ಹಾಡುತ್ತಿದ್ದರು. ನಾನು ಒಂದು ರೂಲುದೊಣ್ಣೆ ಹಿಡಿದು ಗಾಳಿಯಲ್ಲಿ ಆಡಿಸುತ್ತಿದ್ದೆ. ಅದು ಇಲ್ಲದಿದ್ದರೂ ನಡೆಯುತ್ತಿತ್ತು, ಆದರೆ ನನಗೆ ಸಮಾಧಾನ ಬೇಡವೆ?

ಇಲ್ಲಿ ಒಂದು ವಿಷಯ ಹೇಳಬೇಕು. ಲಾಳಿಯ ಹೊಟ್ಟೆಯಲ್ಲಿ ನೂಲು ಸುತ್ತಿದ ಒಂದು ಚಿಕ್ಕ ಕಂಡಿಕೆ ಇರುತ್ತದೆ. ನೇಯುತ್ತ ನೇಯುತ್ತ ಅದರ ನೂಲು ಮುಗಿದಾಗ ಮಗ್ಗ ನಿಲ್ಲಿಸಿ ಬೇರೆ ಕಂಡಿಕೆ ಹಾಕಬೇಕು. ಚೌಡಪ್ಪನವರು ಹೊಸ ಕಂಡಿಕೆ ಹಾಕಿದ ಕೂಡಲೇ ನಾವು ಹಾಡು ಶುರು ಮಾಡುತ್ತಿದ್ದೆವು. ಅದು ಮುಗಿಯುವುದು ಹೆಚ್ಚುಕಡಿಮೆ ಮೂರನೆಯ ನುಡಿಯ ನಡುವೆ. ಮಗ್ಗ ನಿಂತಾಗ ತಾಳ ನಿಲ್ಲುತ್ತಿತ್ತು, ತಾಳ ನಿಂತಾಗ ಮಕ್ಕಳು ನಿಲ್ಲುತ್ತಿದ್ದರು. ಚೌಡಪ್ಪನವರು ಕಂಡಿಕೆ ಬದಲಾಯಿಸಿ, ಎಳೆ ಸೇರಿಸಿ, "ಹೂಂ, ಹಾಡ್ರಪ್ಪಾ!" ಎನ್ನುತ್ತಿದ್ದರು. ಮಕ್ಕಳು ನಿಂತ ಅಕ್ಷರದಿಂದಲೇ ಮುಂದುವರಿಯುತ್ತಿದ್ದರು. ಒಂದೂವರೆ ತಿಂಗಳು ಹೀಗೇ ನಡೆಯಿತು. ಹೆಡ್ಮಾಸ್ಟರು ಒಂದು ದಿನ ಬಂದು ಕೂತು ಕೇಳಿ, "ಭೇಷ್!" ಎಂದು ಹೋದರು. ಈ ನಿಲುಗಡೆ ಅವರ ಕಿವಿಗೂ ಬೀಳಲಿಲ್ಲ, ನನ್ನ ಕಿವಿಗೂ ಬೀಳಲಿಲ್ಲ. ನಮ್ಮೂರಿನವರಿಗೆ ಮಗ್ಗದ ಸದ್ದು ಕೇಳಿಸುವುದಿಲ್ಲ. ಹುಟ್ಟಿದಾಗಿನಿಂದ ಕೇಳಿ ಕೇಳಿ ಅದು ನಡೆದರೂ ನಿಂತರೂ ನಮಗೆ ಒಂದೇ.

ಹೊರಡುವ ದಿನ ಸ್ಟೇಷನ್ನಿನಲ್ಲಿ ಅರ್ಧ ಪೇಟೆ ಸೇರಿತ್ತು. ಹೆಡ್ಮಾಸ್ಟರ ನೋಟೀಸನ್ನು ಜನ ಅಕ್ಷರಶಃ ನಂಬಿದ್ದರು. ಒಬ್ಬ ಅಜ್ಜಿ ನನ್ನನ್ನು ಪಕ್ಕಕ್ಕೆ ಕರೆದು, "ಅಲ್ಲಿ ನೀರು ಕುಡೀಬೋದೇನಪ್ಪಾ, ನಮ್ಮ ಹೊಟ್ಟೆಗೆ ಆಯ್ತದಾ?" ಎಂದು ಕೇಳಿದಳು. ಒಬ್ಬ ತಾಯಿ ಮಗನ ಬುತ್ತಿಯ ಜೊತೆಗೆ ಒಂದು ಕಟ್ಟು ಸೌದೆಯನ್ನೂ ಕಳಿಸಿದ್ದಳು. ಚೌಡಪ್ಪನವರಂತೂ, "ಹೆಣ್ಣುಮಗು ಹೊರದೇಶಕ್ಕೆ ಹೋಯ್ತದೆ, ನಾನೂ ಬರ್ತೀನಿ" ಎಂದು ರುಮಾಲು ಸುತ್ತಿಕೊಂಡು ಹತ್ತಿಯೇಬಿಟ್ಟರು. ಗೌರಿಬಿದನೂರು ದಾಟಿದ ಮೇಲೆ ಮಕ್ಕಳು ಗಡಿ ಎಲ್ಲಿ, ಗಡಿ ಎಲ್ಲಿ ಎಂದು ನನ್ನ ಪ್ರಾಣ ತಿಂದರು. ನನಗೇನು ಗೊತ್ತು? ಒಂದು ಹುಣಸೇ ಮರ ತೋರಿಸಿ ಅದೇ ಎಂದೆ. "ಸಾರ್, ಆ ಕಡೆ ಕೊಂಬೇಲಿರೋ ಹುಣಸೇಹಣ್ಣು ಇಂಗ್ಲಿಷ್‌ನೋರ್ದಾ?" ಎಂದು ಪುಟ್ಟಲಕ್ಷ್ಮಿ ಕೇಳಿದಳು. ಹಿಂದೂಪುರದಲ್ಲಿ ಇಳಿದಾಗ ಮಕ್ಕಳ ಮುಖ ಇಳಿದುಹೋಯಿತು. ಅಲ್ಲಿಯ ಕೂಲಿಯೂ ಕನ್ನಡದಲ್ಲೇ ಮಾತಾಡಿಸಿದ.

ಸಂಜೆ ಭಜನೆ ಮಂದಿರ ತುಂಬಿತ್ತು. ಗಂಡಸರು ಮುಂದೆ, ಹೆಂಗಸರು ಕಂಬಗಳ ಆಚೆ. ಆ ಹೆಂಗಸರ ನಡುವೆ ಎಲ್ಲೋ ಸರೋಜ ಇದ್ದಳು. ನಾರಾಯಣಪ್ಪನವರು ಹಾರ್ಮೋನಿಯಂ ಪಕ್ಕದಲ್ಲಿ ಕಣ್ಣು ಮುಚ್ಚಿ ಕೂತಿದ್ದರು. ಚೌಡಪ್ಪನವರು ಬಾಗಿಲ ಹತ್ತಿರ, ಚಪ್ಪಲಿ ಬಿಡುವ ಕಡೆ, ಮುಂದೆ ಕೂತವರ ಪಂಚೆಯ ಅಂಚನ್ನು ಮುಟ್ಟಿ ನೋಡುತ್ತ ಕೂತಿದ್ದರು. ನಾನು ರೂಲುದೊಣ್ಣೆ ಎತ್ತಿದೆ. ಮಗ್ಗವಿಲ್ಲದೆ ತಾಳ ಹೇಗೋ ಎಂಬ ಭಯವಿತ್ತು. ಆದರೆ ಮಕ್ಕಳ ಕಾಲುಗಳು ಮಗ್ಗ ತುಳಿಯುವವರ ಹಾಗೆ ಎಡ ಬಲ, ಎಡ ಬಲ ಒತ್ತುತ್ತ ತಾವೇ ತಾಳ ಹಿಡಿದವು. ಮೊದಲ ನುಡಿ ಮುಗಿಯಿತು, ಎರಡನೆಯದೂ ಮುಗಿಯಿತು. ನಾರಾಯಣಪ್ಪನವರ ತಲೆ ತೂಗತೊಡಗಿತು. ನನ್ನ ಮದುವೆಯ ಓಲಗ ನನಗೆ ಕೇಳಿಸುವುದಕ್ಕೆ ಶುರುವಾಯಿತು. ಮೂರನೆಯ ನುಡಿಯಲ್ಲಿ "ಕರುಣಾಕರನೆ" ಎಂದು ಬರುತ್ತದೆ. "ಕರುಣಾ" ಎಂದರು ಮಕ್ಕಳು. ಹನ್ನೆರಡು ಬಾಯಿಗಳೂ ಒಟ್ಟಿಗೆ ಮುಚ್ಚಿದವು.

ಒಬ್ಬ ಹುಡುಗ ಕೆಮ್ಮಿದ, ಇನ್ನೊಬ್ಬ ಮೊಣಕಾಲು ಕೆರೆದುಕೊಂಡ, ಪುಟ್ಟಲಕ್ಷ್ಮಿ ಜಡೆ ಸರಿಮಾಡಿಕೊಂಡಳು. ಯಾರ ಮುಖದಲ್ಲೂ ಗಾಬರಿಯಿಲ್ಲ. ದಿನವೂ ಆ ಹೊತ್ತಿನಲ್ಲಿ ಏನು ಮಾಡುತ್ತಿದ್ದರೋ ಅದನ್ನೇ ಮಾಡುತ್ತ ನೆಮ್ಮದಿಯಾಗಿ ನಿಂತಿದ್ದರು. ಮರೆತರೇ? ನಾನು ದೊಣ್ಣೆ ಅಲ್ಲಾಡಿಸಿದೆ, ಹುಬ್ಬು ಹಾರಿಸಿದೆ, ಹಲ್ಲು ಕಚ್ಚಿಕೊಂಡು "ಕರನೆ, ಕರನೆ" ಎಂದು ಪಿಸುಗುಟ್ಟಿದೆ. ಅವರು ನನ್ನ ಕಡೆ ನೋಡಲೂ ಇಲ್ಲ. ನೋಡಬೇಕಾದ ಅಭ್ಯಾಸವೇ ಅವರಿಗೆ ಇರಲಿಲ್ಲ. ಮುಂದಿನ ಸಾಲಿನವರೊಬ್ಬರು ಹಾಡು ಮುಗಿಯಿತೆಂದು ಚಪ್ಪಾಳೆ ತಟ್ಟಿ, ಉಳಿದವರು ತಟ್ಟದ್ದರಿಂದ ನಾಚಿ ಕೈ ಕೆಳಗಿಳಿಸಿದರು. ನಾರಾಯಣಪ್ಪನವರು ಕಣ್ಣು ತೆರೆದು ನನ್ನನ್ನೇ ನೋಡಿದರು. ಭೂಮಿ ಬಾಯಿ ಬಿಡಬಾರದೆ ಎನಿಸಿತು. ಬ್ರಿಟಿಷ್ ಭೂಮಿಯಾದರೂ ಪರವಾಗಿಲ್ಲ.

ಆಗ ಬಾಗಿಲ ಕಡೆಯಿಂದ ಒಂದು ದೊಡ್ಡ ಗಂಟಲು ಕೇಳಿಸಿತು: "ಹೂಂ, ಹಾಡ್ರಪ್ಪಾ!"

"ಕರನೆ" ಎಂದು ಹನ್ನೆರಡು ಗಂಟಲೂ ಒಂದೇ ಏಟಿಗೆ ಎತ್ತಿಕೊಂಡವು. ಸ್ವರ ಕದಲಲಿಲ್ಲ, ತಾಳ ತಪ್ಪಲಿಲ್ಲ. ಸಭೆಗೆ ಸಭೆಯೇ ತಿರುಗಿ ಚೌಡಪ್ಪನವರನ್ನು ನೋಡಿತು. ಏನಾಗಿದೆ ಎಂದು ನನಗೆ ಹೊಳೆದದ್ದು ಆಗ. ಹೊಳೆದು ಪ್ರಯೋಜನವೇನು? ಎರಡನೆಯ ಹಾಡೂ ಹೀಗೆಯೇ ನಡುವೆ ನಿಂತಿತು, ಚೌಡಪ್ಪನವರು ಹೂಂ ಎಂದರು. ಮೂರನೆಯ ಹಾಡಿನ ಹೊತ್ತಿಗೆ ಜನ ಕಾದು ಕೂತಿದ್ದರು, ಮಕ್ಕಳು ನಿಂತದ್ದೇ ತಡ, ಇಡೀ ಮಂದಿರ ಒಕ್ಕೊರಲಿನಿಂದ "ಹೂಂ, ಹಾಡ್ರಪ್ಪಾ!" ಎಂದು ಕೂಗಿತು.

ಹಾಡು ಮುಗಿದಾಗ ನಾರಾಯಣಪ್ಪನವರ ಕಣ್ಣಲ್ಲಿ ನೀರಿತ್ತು. "ಭಲೇ! ಮಾತಿನ ನಡುವೆ ನಿಲ್ಲಿಸಿ, ಅಷ್ಟು ಹೊತ್ತು ಬಿಟ್ಟು, ಅದೇ ಸ್ವರಕ್ಕೆ ಬಂದು ಕೂತರಲ್ಲಾ! ಇಂಥಾ ಲಯ ನಾನು ಎಲ್ಲೂ ಕೇಳಿಲ್ಲ. ಯಾರಮ್ಮಾ ನಿಮ್ಮ ಗುರುಗಳು?" ಎಂದು ಮಕ್ಕಳನ್ನು ಕೇಳಿದರು. ಸುಳ್ಳು ಹೇಳಿ ಅಭ್ಯಾಸವಿಲ್ಲದ ಹನ್ನೆರಡು ಮಕ್ಕಳೂ ಬಾಗಿಲ ಕಡೆ ಕೈ ತೋರಿಸಿದರು. ನನಗೆಂದು ಕಟ್ಟಿಸಿದ್ದ ಸೇವಂತಿಗೆ ಹಾರ ನನ್ನ ಮೂಗಿನ ಮುಂದೆಯೇ ಹಾದುಹೋಗಿ ಚೌಡಪ್ಪನವರ ಕೊರಳಿಗೆ ಬಿತ್ತು. ಅವರು ಒದ್ದಾಡಿದರು. "ಅಯ್ಯೋ ಬ್ಯಾಡಿ ಸ್ವಾಮಿ, ನಾನು ಕಂಡಿಕೆ ಹಾಕ್ತಿದ್ದೆ ಅಷ್ಟೇಯಾ" ಎಂದರು. ದೊಡ್ಡ ವಿದ್ವಾಂಸರು ಹೀಗೇ ಅಲ್ಲವೆ ಮಾತಾಡುವುದು ಎಂದು ಜನ ಇನ್ನಷ್ಟು ಚಪ್ಪಾಳೆ ತಟ್ಟಿದರು.

ಮರುದಿನ ಬೆಳಿಗ್ಗೆ ರೈಲಿಗೆ ಮುಂಚೆ ನಾರಾಯಣಪ್ಪನವರ ಮನೆಗೆ ಹೋಗಬೇಕಿತ್ತು. ಕಾಫಿ ಲೋಟ ಕೈಗೆ ಬರುವ ಮೊದಲೇ ನಾನು ಎಲ್ಲವನ್ನೂ ಒಪ್ಪಿಕೊಂಡೆ: ನನಗೆ ಸಂಗೀತ ಬರುವುದಿಲ್ಲ, ಮಾವ ಹೇಳಿದ್ದು ಸುಳ್ಳು, ಆ ಲಯ ಮಗ್ಗದ್ದು. ಆ ಹುಡುಗಿ ಕೈತಪ್ಪಿದಳು ಎಂದು ಆಗಲೇ ನಿಶ್ಚಯ ಮಾಡಿಕೊಂಡಿದ್ದೆ, ಬಹಳ ಸಂಕಟವಾಗಿತ್ತು. ನಾರಾಯಣಪ್ಪನವರು ಒಳಗೆ ಇಣುಕಿ ನೋಡಿ, ದನಿ ತಗ್ಗಿಸಿ, "ಸ್ವಲ್ಪವೂ ಬರಲ್ವಾ?" ಎಂದರು. "ಸ್ವಲ್ಪವೂ ಇಲ್ಲ." "ಹೋಗ್ಲಿ ಬಿಡಪ್ಪಾ. ಈ ಮನೇಲಿ ಹಾಡೋರು ಎಂಟು ಜನ ಇದೀವಿ, ಕೂತು ಕೇಳೋರು ಒಬ್ರೂ ಇಲ್ಲ. ಆದ್ರೆ ಹುಡುಗಿ ಒಪ್ಪಬೇಕು. ನಿನ್ನೆ ಸಂಜೆಯಿಂದ ಒಂದೇ ಸಮನೆ ಅಳ್ತಾ ಇದಾಳೆ, ಯಾಕೇಂತ ಗೊತ್ತಿಲ್ಲ" ಎಂದು ಅವಳನ್ನು ಕರೆದರು. ಸರೋಜ ಊದಿದ ಕಣ್ಣಿನಲ್ಲೇ ಬಂದಳು. "ಇವರೇ ಕಣಮ್ಮಾ ಹುಡುಗ" ಎಂದರು. ಅವಳು ತಲೆ ಎತ್ತಿ ನನ್ನನ್ನು ನೋಡಿದಳು. ಮುಖ ಒಮ್ಮೆಗೇ ಅರಳಿತು, ಯಾರೂ ಕೇಳುವ ಮೊದಲೇ "ಒಪ್ಗೆ" ಎಂದು ಹೇಳಿ ಒಳಗೆ ಓಡಿಹೋದಳು.

ನನ್ನ ರೂಪದ ಬಗ್ಗೆ ನನಗೆ ಅಭಿಮಾನ ಹುಟ್ಟಿದ್ದು ಅವತ್ತು. ನೋಡಿದ ಒಂದೇ ನೋಟಕ್ಕೆ ಹೆಣ್ಣೊಬ್ಬಳು ಹಾಗೆ ಅರಳಬೇಕಾದರೆ ನನ್ನಲ್ಲಿ ಏನೋ ಇರಲೇಬೇಕು ಎಂದುಕೊಂಡು ಮದುವೆಯಾದ ಮೇಲೆ ಹತ್ತು ವರ್ಷ ಕನ್ನಡಿಯ ಮುಂದೆ ಸ್ವಲ್ಪ ಹೆಚ್ಚು ಹೊತ್ತೇ ನಿಲ್ಲುತ್ತಿದ್ದೆ. ಒಂದು ದಿನ ತಡೆಯಲಾರದೆ, ಆವತ್ತು ನನ್ನಲ್ಲಿ ಏನು ಕಂಡೆ ಎಂದು ಕೇಳಿಯೇಬಿಟ್ಟೆ. ಅವಳು ಹುರುಳಿಕಾಯಿ ಮುರಿಯುತ್ತ ಕೂತಿದ್ದಳು. ತಲೆ ಎತ್ತಲಿಲ್ಲ. "ಹುಡುಗ ಅಂದ್ರೆ ಹಾಡು ಕಲಿಸಿದೋರು ಅಂತ ಅಪ್ಪ ಹೇಳಿದ್ರು. ಹಾರ ಯಾರ ಕೊರಳಿಗೆ ಬಿತ್ತೋ ಅವರೇ ಹುಡುಗ ಅಂದ್ಕೊಂಡು ರಾತ್ರಿಯೆಲ್ಲಾ ಅತ್ತಿದ್ದೆ. ಬೆಳಿಗ್ಗೆ ನೋಡಿದ್ರೆ ನೀವು. ಏನೇ ಆಗ್ಲಿ, ಚೌಡಪ್ಪನವರಿಗಿಂತ ವಾಸಿ ಅನ್ನಿಸ್ತು" ಎಂದಳು.