ಬೀಗ ಹಾಕುವಾಗ ಹೇಳಬೇಕಾದ ಉತ್ತರದ ಕುರಿತು

ಸಂಖ್ಯೆ: ಒಗಟು/ಬಾಗಿಲು/ಬಾಕಿ-೧೭

ವಿಷಯ: ಕಚೇರಿ ವೇಳೆ ಮುಗಿದರೂ ಒಗಟಿಗಾಗಿ ಕುರ್ಚಿ ಬಿಡದಿರುವ ಬಗ್ಗೆ.

ಉಲ್ಲೇಖ: ಕಾವಲುಗಾರ ತಾತನವರು ಮೆಟ್ಟಿಲ ಮೇಲೆ ಕುಳಿತು ಸಲ್ಲಿಸಿದ ಮೌಖಿಕ ಅಹವಾಲು.

ಪ್ರಸ್ತಾವನೆ:

ಒಂದಾನೊಂದು ಕಾಲದಲ್ಲಿ, ಅಂದರೆ ಕಳೆದ ಸೋಮವಾರ, ತಾತನವರು ಚಹಾ ವಿರಾಮದಲ್ಲಿ ಸಿಬ್ಬಂದಿಗೆ ಈ ಕೆಳಕಂಡ ಒಗಟನ್ನು ಹೇಳಿರುತ್ತಾರೆ: "ಒಂದೂರಲ್ಲಿ ಒಬ್ಬನಿದ್ದ. ದಿನಾ ಸಂಜೆ ಒಂದು ಬಾಗಿಲು ಎಳೀತಿದ್ದ. ತೆರೆದುಕೊಂಡ್ರೆ ಮುಖ ಸಪ್ಪಗೆ. ತೆರೆದುಕೊಳ್ಳದಿದ್ರೆ ನಗ್ತಾ ಮನೆಗೆ. ಯಾಕೆ ಹೇಳಿ?" ಉತ್ತರವನ್ನು ಬೀಗ ಹಾಕುವಾಗ ಹೇಳುವುದಾಗಿ ಮಾತನ್ನೂ ಕೊಟ್ಟಿರುತ್ತಾರೆ.

ಉತ್ತರ ತಮಗೇ ಹೊಳೆಯದೆ ಏಳುವುದಿಲ್ಲವೆಂದು ಸಿಬ್ಬಂದಿಯೂ, ಸಿಬ್ಬಂದಿ ಏಳದೆ ಬೀಗ ಹಾಕುವಂತಿಲ್ಲವೆಂದು ತಾತನವರೂ ಅಂದಿನಿಂದ ಪ್ರತಿ ಸಂಜೆ ಎದುರುಬದುರು ಕುಳಿತಿರುವುದು ಗಮನಕ್ಕೆ ಬಂದಿದೆ. ಅಹವಾಲಿನ ಸಾರ: "ಈಗಲೇ ಹೇಳ್ತೀನಿ ಅಂದ್ರೆ ಗುಮಾಸ್ತಮ್ಮ ಕಿವಿ ಮುಚ್ಕೋತಾಳೆ, ಸೋತ ಹಾಗಾಗುತ್ತಂತೆ. ಬೆಳಕಿರೋವಾಗ್ಲೇ ಬಂದು ಸೈಕಲ್ ಕಲಿಸ್ತೀನಿ ಅಂತ ಮೊಮ್ಮಗಳಿಗೆ ಹೇಳಿದೀನಿ. ನೀವು ಏಳೋ ಹೊತ್ತಿಗೆ ಕತ್ತಲು; ಕೊನೇ ಬಸ್ಸಿಗೆ ಓಡ್ತೀರಿ, ಬೀಗ ಹಾಕೋವಾಗ ಉತ್ತರ ಕೇಳೋಕೆ ಯಾರೂ ಇರಲ್ಲ. ಪಾಪ, ಸೈಕಲ್ ಹಿಡ್ಕೊಂಡು ಗೇಟಿನ ಹತ್ರಾನೇ ನಿಂತಿರ್ತಾಳೆ."

ಆದ್ದರಿಂದ ಈ ಮೂಲಕ ಸೂಚಿಸಲಾಗಿದೆ:

೧. ಒಗಟಿನ ಬಗ್ಗೆ "ಹೌದು", "ಅಲ್ಲ", "ಅದಕ್ಕೂ ಇದಕ್ಕೂ ಸಂಬಂಧವಿಲ್ಲ" ಎಂಬ ಉತ್ತರ ಬರುವ ಪ್ರಶ್ನೆಗಳನ್ನು ಮಾತ್ರ ಕೇಳತಕ್ಕದ್ದು.

೨. ಸದರಿ ನಿಯಮವನ್ನು ಸಾರ್ವಜನಿಕರಿಗೆ ಅನ್ವಯಿಸತಕ್ಕದ್ದಲ್ಲ. ಪ್ರಮಾಣಪತ್ರ ಯಾವಾಗ ಸಿಗುತ್ತದೆಂದು ಕೇಳಿದ ಹಿರಿಯರೊಬ್ಬರಿಗೆ "ಹೌದು ಅಲ್ಲ ಅನ್ನೋ ಹಾಗೆ ಕೇಳಿ" ಎಂದು ತಿಳಿಸಲಾಗಿದ್ದು, ಅವರು "ಈ ಜನ್ಮದಲ್ಲಿ ಸಿಗುತ್ತಾ?" ಎಂದು ಕೇಳಿರುತ್ತಾರೆ. ಉತ್ತರ ಪರಿಶೀಲನೆಯಲ್ಲಿದೆ.

೩. ಇಂಥ ಒಗಟುಗಳಲ್ಲಿ ಮೊದಲ ವಾಕ್ಯದಲ್ಲೇ ಯಾರಾದರೂ ಸತ್ತು ಬಿದ್ದಿರುವುದು ವಾಡಿಕೆ. ಕಚೇರಿ ಆವರಣದಲ್ಲಿ ಪೂರ್ವಾನುಮತಿಯಿಲ್ಲದೆ ಯಾರೂ ಸಾಯತಕ್ಕದ್ದಲ್ಲ.

೪. ಮೇಲಧಿಕಾರಿಗಳಿಗಿಂತ ಮೊದಲು ಉತ್ತರ ಹೊಳೆದವರು, ಹೊಳೆಯದವರಂತೆ ಮುಖ ಇಟ್ಟುಕೊಂಡು ಸಹಕರಿಸುವುದು.

೫. ಸಂಶೋಧನೆಯ ಹೆಸರಿನಲ್ಲಿ ಕಪಾಟಿನ ಬಾಗಿಲುಗಳನ್ನು ಎಳೆದು ನಗುವುದು, ಸಪ್ಪಗಾಗುವುದು ಇತ್ಯಾದಿಗಳನ್ನು ನಿಷೇಧಿಸಲಾಗಿದೆ. ಎರಡು ಹಿಡಿಕೆಗಳು ಕೈಗೆ ಬಂದಿವೆ.

೬. ಸುತ್ತೋಲೆಗಳನ್ನು ಹೊರಗಿನ ಫಲಕದ ಮುಂದೆ ನಿಂತು ಓದುವುದು ಈ ಕಚೇರಿಯ ಪದ್ಧತಿ. ಇದನ್ನೂ ಇಂದು ಸಂಜೆ ಅಲ್ಲಿಯೇ ಅಂಟಿಸಲಾಗುವುದು. ಎಲ್ಲರೂ ಹೊರಬಂದು, ಕೊನೆಯ ಸಾಲಿನವರೆಗೂ ಓದತಕ್ಕದ್ದು.

ಷರಾ (ಅಂಟಿಸಿದ ನಂತರ ಕೈಬರಹದಲ್ಲಿ ಸೇರಿಸಿದ್ದು): ಸಿಬ್ಬಂದಿ ಮೂರನೇ ಅಂಶದ ಬಗ್ಗೆ ಜಗಳವಾಡುತ್ತಿದ್ದಾಗ ಬೆನ್ನ ಹಿಂದೆ ಬೀಗ ಹಾಕಿದ ಸದ್ದಾಯಿತು. ತಾತನವರು ಬಾಗಿಲನ್ನು ಒಮ್ಮೆ ಎಳೆದು ನೋಡಿದರು. ಅದು ತೆರೆದುಕೊಳ್ಳಲಿಲ್ಲ. ನಕ್ಕರು. "ಅಯ್ಯೋ ತಾತ, ಅವನು ನೀವೇನಾ?" ಎಂದು ಗುಮಾಸ್ತಮ್ಮ ಕೇಳಿದ್ದಕ್ಕೆ ನಿಯಮಾನುಸಾರ "ಹೌದು" ಎಂದರು. ಬಿಸಿಲು ಇನ್ನೂ ಗೋಡೆಯ ಮೇಲಿತ್ತು. ಕೊಟ್ಟ ಮಾತು ಸಂದಾಯವಾಗಿರುವುದರಿಂದ ಈ ವಿಷಯವನ್ನು ಮುಕ್ತಾಯಗೊಳಿಸಲಾಗಿದೆ.

ಸಹಿ/-
ಅಧೀಕ್ಷಕರು
(ಉತ್ತರ ಮೊದಲೇ ಗೊತ್ತಿತ್ತೆಂದು ಈಗ ಹೇಳುತ್ತಿರುವವರು)

ಪ್ರತಿಗಳು:
೧. ಸಮಸ್ತ ಸಿಬ್ಬಂದಿಗೆ, ಮೆಟ್ಟಿಲ ಮೇಲೆ.
೨. ಒಳಗೇ ಉಳಿದ ಊಟದ ಡಬ್ಬಿಗಳಿಗೆ, ಬೆಳಗಿನವರೆಗೆ ಕಾಯುವ ಸೂಚನೆಯೊಂದಿಗೆ.
೩. ಪ್ರಮಾಣಪತ್ರದ ಹಿರಿಯರಿಗೆ: ಹೌದು.
೪. ಮೊಮ್ಮಗಳಿಗೆ. ತಾತನವರು ಸೈಕಲ್ಲಿನ ಹಿಂಬದಿಯನ್ನು ಯಾವ ತಿರುವಿನಲ್ಲಿ ಬಿಟ್ಟರೆಂಬ ಮಾಹಿತಿಯನ್ನು ಗೌಪ್ಯವಾಗಿಡಲಾಗಿದೆ.