ಅಚ್ಚಿನ ಮೇಲೆ ಎರಡು ತಗ್ಗು

ದೋಣಿಯ ತಳ ಒರೆಸುತ್ತಿದ್ದ ವನಜಾಕ್ಷಿಯ ಕೈಗೆ ಸಣ್ಣ ಸಣ್ಣ ಚುಕ್ಕಿಗಳು ಸಿಕ್ಕಿದವು. ಯಾರೋ ಅಂಟಿಸಿ ಮರೆತ ಸ್ಟಿಕರ್ ಎಂದುಕೊಂಡು, ತಿಗಣೆ ಹೆಕ್ಕುವ ಹಾಗೆ ಒಂದೊಂದನ್ನೇ ಉಗುರಿನಿಂದ ಎಬ್ಬಿಸಿ ಬುಟ್ಟಿಗೆ ಹಾಕಿದಳು.

ಟೀ ಕುಡಿದು ಬಂದ ಲೇಸರ್ ಎಂಜಿನಿಯರ್ ಅಭಿಲಾಷ್ ತಲೆ ಹಿಡಿದುಕೊಂಡ. "ಅಕ್ಕಾ, ಎರಡು ಗಂಟೆ ಕೂತು ಅಂಟಿಸಿದ್ದೆ. ಅವನ್ನ ನೋಡ್ಕೊಂಡೇ ಮೆಷಿನ್ನು ದೋಣಿ ಆಕಾರ ಅಳೆಯೋದು."

"ಒರೆಸು ಅಂದ್ರೆ ಚರ್ಮಾನೇ ಸುಲೀತಾಳೆ ಕಣಪ್ಪ ಇವ್ಳು," ಎಂದಳು ಪೇಂಟಿನ ಹುಲಿಯಮ್ಮ. "ಊಟಾನೂ ಒಬ್ಳೇ ಮಾಡೋಳು. ನಮ್ ಗುಂಪು ನೋಡ್ಬೇಕು ನೀನು, ನಕ್ಕೂ ನಕ್ಕೂ ಅನ್ನ ಗಂಟ್ಲಲ್ಲಿ ಇಳಿಯಲ್ಲ."

ಕಡೂರಿನ ಈ ಶೆಡ್ಡಿನಲ್ಲಿ ಕೆರೆಗಳಿಗೆ ಫೈಬರ್ ದೋಣಿ ಮಾಡುತ್ತಾರೆ. ಊಟಕ್ಕೆ ಸರದಿ. ವನಜಾಕ್ಷಿಯದು ಒಂದು ಗಂಟೆಗೆ, ಹುಲಿಯಮ್ಮನದು ಒಂದೂವರೆಗೆ. ಫೈಬರ್ ಹಾಸಿ ದೋಣಿ ತೆಗೆಯುವ ಅಚ್ಚು ಹಿತ್ತಲಲ್ಲಿ ಬೋರಲಾಗಿರುತ್ತದೆ. ಅದರ ಮೇಲೆ ಕೂತು ಡಬ್ಬಿ ಬಿಚ್ಚಿದರೆ ರೈಲು ಕಾಣುತ್ತದೆ. ಆರು ವರ್ಷದಿಂದ ಆ ಅರ್ಧ ಗಂಟೆ ವನಜಾಕ್ಷಿಯನ್ನು ಯಾರೂ ಏನೂ ಕೇಳಿಲ್ಲ.

ಚುಕ್ಕಿಗಳನ್ನು ಮತ್ತೆ ಅಂಟಿಸಿದ್ದಾಯಿತು. ಲೇಸರ್ ಗೆರೆ ತಳದ ಮೇಲೆ ಹರಿದಾಡಿತು. ಪರದೆಯಲ್ಲಿ ದೋಣಿ ಹಸಿರಾಗಿ ಮೂಡಿತು. ಹಸಿರೆಂದರೆ ಆಕಾರ ಸರಿ. ನಡುವೆ ಮಾತ್ರ ಎರಡು ನೀಲಿ ತಗ್ಗು. ಅಚ್ಚನ್ನು ಮಗುಚಿ ಅಳೆದರೆ ಅಲ್ಲೂ ಅವೇ.

"ಯಾರೋ ಅಚ್ಚಿನ ಮೇಲೆ ದಿನಾ ಕೂತಿದಾರೆ ಸಾರ್. ಒಂದ್ಕಡೆ ನಾಲ್ಕು ಮಿಲಿಮೀಟರ್ ಕುಸಿದಿದೆ, ಇನ್ನೊಂದ್ಕಡೆ ಆರು," ಎಂದ ಅಭಿಲಾಷ್.

ಮಾಲೀಕ ದೇವೀರಪ್ಪ ಎಲ್ಲರನ್ನೂ ಸಾಲಾಗಿ ನಿಲ್ಲಿಸಿದರು. "ಕೂತೋರು ಯಾರು? ಗೊತ್ತಾದ್ರೆ ಇವತ್ತೇ ಮನೆಗೆ."

"ಎಲ್ರ ಹಿಂದ್ಗಡೇನೂ ಅಳದ್ಬಿಡ್ಲಿ ಬಿಡಿ ಆ ಮೆಷಿನ್ನು," ಎಂದ ಫೈಬರ್ ಹಾಸುವ ಹಾಲೇಶ. ಶೆಡ್ಡು ನಕ್ಕಿತು. ವನಜಾಕ್ಷಿ ಗೋಡೆಗೆ ಪೋಸ್ಟರಿನಂತೆ ಅಂಟಿಕೊಂಡಳು.

ರೈಲಿನ ಕಡೆಯ ತಗ್ಗು ತನ್ನದು. ಬೆನ್ನಿಗೆ ಬೆನ್ನು ಕೊಟ್ಟಂತಿರುವ ಇನ್ನೊಂದು ಯಾರದು? ಇಂಥ ಹೊತ್ತಲ್ಲಿ ಮೊದಲು ಬಾಯಿ ಹಾಕಬೇಕಿದ್ದ ಹುಲಿಯಮ್ಮ, ಸೆರಗಿಗೆ ಒಣಗಿ ಅಂಟಿದ ಬಣ್ಣ ಕೆರೆಯುತ್ತ ನಿಂತಿದ್ದಳು. ಇಬ್ಬರ ಕಣ್ಣೂ ಕೂಡಿದವು. ಹುಲಿಯಮ್ಮ ತಲೆ ತಗ್ಗಿಸಿದಳು.

ಮಾಲೀಕರು ಸಾಲಿನ ಮುಂದೆ ಎರಡು ಸಲ ಓಡಾಡಿದರು. "ಹಾಳಾಗ್ಲಿ," ಎಂದರು ದೇವೀರಪ್ಪ. "ವನಜಾಕ್ಷಿ, ನಿನ್ ಕೈ ಹದ ಚೆನ್ನಾಗಿದೆ, ಅಚ್ಚಿನ ಒಳಗೆ ಉಬ್ಬಿರೋದನ್ನ ಉಜ್ಜಿ ಸಮ ಮಾಡು. ನಾಳೆಯಿಂದ ಯಾರೂ ಅಲ್ಲಿ ಕೂರ್ದಂಗೆ ಕಾವಲಿಗೂ ನೀನೇ."

ಸಂಜೆವರೆಗೂ ಅವಳು ತನ್ನ ಆರು ವರ್ಷವನ್ನು ತಾನೇ ಉಜ್ಜಿದಳು. ಆಮೇಲೆ ಇನ್ನೊಂದಕ್ಕೆ ಕೈ ಹಾಕಿದಳು. ಅದು ಆರು ಮಿಲಿಮೀಟರಿನದು, ತನ್ನದಕ್ಕಿಂತ ಹಳೆಯದು, ಅದೂ ಒಬ್ಬರೇ ಕೂತದ್ದು.

"ಸರಿಯಾಗಿ ಉಜ್ಜೇ," ಎಂದು ಹಾದುಹೋದಳು ಹುಲಿಯಮ್ಮ. ದನಿಯಲ್ಲಿ ಎಂದಿನ ಖಾರವಿರಲಿಲ್ಲ.

"ಹೂಂ," ಎಂದಳು ವನಜಾಕ್ಷಿ, ಅಷ್ಟೇ. ನಾಳೆ ಒಂದೂವರೆಗೆ ಹುಲಿಯಮ್ಮ ಊಟಕ್ಕೆ ಬರುವವರೆಗೆ ತನ್ನ ಡಬ್ಬಿ ಬಿಚ್ಚಬಾರದು ಎಂದು ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡಳು.