ಕಂಪ್ಯೂಟರಿಗೆ ಕಲಿಸಿದ ಬೀಗತನ

ಸಾಂಗಲಿ-ಮಿರಜಿನಲ್ಲಿ ಒಬ್ಬ ಮನುಷ್ಯ ತನ್ನ ಪಾಡಿಗೆ ತಾನು ಕೆಲಸ ಮಾಡುತ್ತ ಕೂತರೆ, ಯಾರಾದರೂ ಬಂದು ಅದಕ್ಕೊಂದು ಕೊಕ್ಕೆ ಹಾಕದೆ ಹೋಗುವುದಿಲ್ಲ. ನನ್ನ ಮಟ್ಟಿಗಂತೂ ಇದು ತಪ್ಪಿದ್ದೇ ಇಲ್ಲ. ವಧು-ವರ ಕೇಂದ್ರದ ಕೆಲಸ ಹಿಡಿದ ವರ್ಷ ಆದದ್ದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

ಊರು ಅಡ್ಡಾದಿಡ್ಡಿ ಬೆಳೆಯುತ್ತಿದ್ದ ಕಾಲ. ಮಿರಜ ರಸ್ತೆಯ ಎರಡೂ ಬದಿಗೆ ಶೋರೂಮು, ಅಪಾರ್ಟ್‌ಮೆಂಟು ಎದ್ದು, ಒಂದೇ ಓಣಿಯಲ್ಲಿದ್ದ ಕನ್ನಡ ಮನೆತನಗಳು ಹತ್ತು ಕಡೆ ಚದುರಿದ್ದವು. ಯಾರು ಯಾರಿಗೆ ಏನಾಗಬೇಕು ಎಂಬುದೇ ಮರೆಯುತ್ತಿತ್ತು. ಆಗ ನಮ್ಮ ಸಮಾಜದ ವಧು-ವರ ಕೇಂದ್ರದವರಿಗೆ ಒಂದು ಹುಕಿ ಬಂತು. ಹೆಸರು ಹಾಕಿದರೆ ಸಾಕು, ಈ ಹುಡುಗಿಯನ್ನು ಈ ಹುಡುಗನಿಗೆ ಕೊಡಲು ಬರುತ್ತದೋ ಇಲ್ಲವೋ ಕಂಪ್ಯೂಟರೇ ಹೇಳಬೇಕು! ಕೆಲಸ ಪಕ್ಕದ ಕುಪವಾಡದಲ್ಲಿದ್ದ ನಮ್ಮ ಸಣ್ಣ ಸಾಫ್ಟ್‌ವೇರ್ ಕಂಪನಿಗೆ ಬಂತು. ಕಂಪನಿಯಲ್ಲಿ ಕನ್ನಡ ಮನೆಯವನು ನಾನೊಬ್ಬನೇ ಎಂದು ನನ್ನ ಕೊರಳಿಗೆ ಬಿತ್ತು.

ಇದೂ ಒಂದು ಕೆಲಸವೇ

ಯಾವುದಕ್ಕೆ ಯಾವುದು ಏನಾಗಬೇಕು ಎಂಬ ನಕಾಶೆಯನ್ನು ಮೊದಲು ಕಂಪ್ಯೂಟರಿಗೆ ಕೊಡಬೇಕು. ಅದಕ್ಕೆ ಆಂಟಾಲಜಿ ಎನ್ನುತ್ತಾರೆ. ಆಮೇಲೆ ನಿಯಮ ಬರೆಯಬೇಕು: ಇವಳು ಅವನ ತಾಯಿ, ಇವನು ಇವಳ ತಮ್ಮ ಎಂದು ಹೇಳಿದರೆ, ಇವನು ಅವನ ಸೋದರಮಾವ ಎಂಬುದನ್ನು ನಾವು ಹೇಳದೆಯೇ ಅದು ತಾನೇ ತಿಳಿದುಕೊಳ್ಳಬೇಕು. ಒಂದು ನಿಯಮ ಸಡಿಲಾದರೂ ಅತ್ತೆ ಸೊಸೆಯಾಗುತ್ತಾಳೆ. ತಲೆ ಸಿಡಿಯುವ ಕೆಲಸ.

ಇದನ್ನೆಲ್ಲ ನಮ್ಮ ಅವ್ವನಿಗೆ ಬಿಡಿಸಿ ಹೇಳಿದೆ. ಅವ್ವ ಹೆಮ್ಮೆಯಿಂದ ಪಕ್ಕದ ಮನೆಯ ಮಾವಶಿಗೆ ಹೇಳಿದಳು, "ನಮ್ಮಾಂವ ಕಂಪ್ಯೂಟರಿಗೆ ಸೋದರಮಾವ ಅಂದ್ರ ಯಾರು ಅಂತ ಹೇಳಿಕೊಡ್ತಾನ್ರಿ."

ಮಾವಶಿ ಗಲ್ಲದ ಮೇಲೆ ಕೈಯಿಟ್ಟಳು. "ಅದಕ್ಕ ಪಗಾರನೂ ಕೊಡ್ತಾರ? ನಮ್ಮತ್ತಿ ದಿನಾ ಪುಕ್ಕಟ ಹೇಳ್ತಾಳಲ್ಲ!"

ತಿದ್ದಲು ಬಂದ ಸಾಹೇಬ

ಸಿದ್ಧ ನಕಾಶೆಯೊಂದನ್ನು ಪುಣೆಯ ಕಂಪನಿಯಿಂದ ತಂದಿದ್ದೆವು. ಅದು ಹೊರದೇಶದ್ದು. ಕಾಕಾನ ಮಗಳು, ಸೋದರಮಾವನ ಮಗಳು ಎಲ್ಲರಿಗೂ ಸೇರಿ ಅದರಲ್ಲಿ ಒಂದೇ ಶಬ್ದ, ಕಸಿನ್. ನಮ್ಮಲ್ಲಿ ಕಾಕಾನ ಮಗಳು ತಂಗಿ, ಸೋದರಮಾವನ ಮಗಳು ಹೆಂಡತಿಯಾಗಬಲ್ಲವಳು. ಇಷ್ಟು ದೊಡ್ಡ ವ್ಯತ್ಯಾಸ ತಿಳಿಯದವರು ಜಗತ್ತಿಗೆಲ್ಲ ನಕಾಶೆ ಮಾಡಿ ಮಾರುತ್ತಾರೆ! ನಾನು ಕೂತು ನಮ್ಮ ರೂಢಿಗೆ ತಕ್ಕಂತೆ ಬೇರೆ ನಿಯಮ ಬರೆದೆ.

ಅದನ್ನು ಪರೀಕ್ಷಿಸಲು ಪುಣೆಯಿಂದ ಒಬ್ಬ ಸಾಹೇಬ ಬಂದ. ಮಧ್ಯಾಹ್ನ ಊಟಕ್ಕೆ ಮನೆಗೆ ಕರೆದುಕೊಂಡು ಹೋದೆ. ಆತ ರೊಟ್ಟಿ ಮುರಿಯುತ್ತಲೇ ಲ್ಯಾಪ್‌ಟಾಪ್ ನೋಡಿ, "ಅಕ್ಕನ ಮಗಳನ್ನು ಸೋದರಮಾವ ಮದುವೆಯಾಗಬಹುದು ಅಂತ ತೋರಿಸುತ್ತಿದೆ. ಇದು ತಪ್ಪು, ತೆಗೆದುಹಾಕು" ಎಂದು ಮರಾಠಿಯಲ್ಲಿ ಅಪ್ಪಣೆ ಮಾಡಿದ. ನಮ್ಮ ಕಡೆಯ ರೂಢಿ ಅದು ಎಂದರೆ ಕೇಳಲೊಲ್ಲ.

ಬಡಿಸುತ್ತಿದ್ದವಳು ನಮ್ಮಜ್ಜಿ. ಅಜ್ಜನಿಗೆ ಆಕೆ ಸ್ವಂತ ಅಕ್ಕನ ಮಗಳು. ಪಲ್ಯದ ಪಾತ್ರೆ ಕೆಳಗಿಟ್ಟು ಮರಾಠಿಯಲ್ಲೇ ಝಾಡಿಸಿದಳು. ಅದನ್ನು ಕನ್ನಡದಲ್ಲಿ ಹೇಳುವುದಾದರೆ: "ನಾ ಇವರ ಅಕ್ಕನ ಮಗಳು. ಐದು ಮಕ್ಕಳನ್ನ ಹಡದೇನಿ. ನಾ ತಪ್ಪು ಅಂದ್ರ ನಾ ಬಡಿದ ರೊಟ್ಟಿನೂ ತಪ್ಪು. ಇಡು ಕೆಳಗ!"

ಸಾಹೇಬ ರೊಟ್ಟಿಯನ್ನು ಬಿಡಲಿಲ್ಲ. ನಿಯಮ ತಿದ್ದುವುದನ್ನು ಬಿಟ್ಟ.

ಅಧ್ಯಕ್ಷರ ನಿಯಮ

ಇನ್ನೇನು ಮುಗಿಯಿತು ಎನ್ನುವಾಗ ಕೇಂದ್ರದ ಅಧ್ಯಕ್ಷರು ಕರೆಸಿದರು. ಅರಿಷಿಣದ ದೊಡ್ಡ ವ್ಯಾಪಾರಿ; ಮಾತೂ ಅಷ್ಟೇ ಖಡಕ್ಕು. "ಈಗಿನ ಹುಡುಗೂರು ಇವತ್ತ ರಾಖಿ ಕಟ್ಟಿಸ್ಕೋತಾರ, ನಾಳಿ ಅಕಿನ್ನ ಲಗ್ನ ಆಗ್ತಾರ. ಇನ್ನ ಮುಂದ ನಡ್ಯಾಂಗಿಲ್ಲ. ಒಮ್ಮೆ ರಾಖಿ ಕಟ್ಟಿದ್ರ ಅಕಿ ತಂಗಿನ. ಬರಿ ನಿಯಮ!"

ಕೊಡಲಿ ನೇರ ನನ್ನ ಬುಡಕ್ಕೇ ಬಿತ್ತು. ಯಾಕೆಂದರೆ ನಮ್ಮ ಎದುರು ಮನೆಯ ಹುಡುಗಿಗೂ ನನಗೂ ಮದುವೆ ಮಾತಾಗಿತ್ತು. ಆಕೆ ಮಿರಜಿನ ಆಸ್ಪತ್ರೆಯೊಂದರಲ್ಲಿ ನರ್ಸು. ಚಿಕ್ಕವಳಿದ್ದಾಗ ಪೇಢೆಯ ಆಸೆಗೆ ಓಣಿಯ ಹುಡುಗರಿಗೆಲ್ಲ ರಾಖಿ ಕಟ್ಟಿದ್ದಳು. ಅದರಲ್ಲಿ ನಾನೂ ಒಬ್ಬ.

"ಕಾಕಾ, ಅದು ಹುಡುಗಾಟಕೀರಿ. ನಾ ಲಗ್ನ ಆಗಾಕಿನೂ ಸಣ್ಣಾಕಿದ್ದಾಗ ನನಗ ಕಟ್ಟ್ಯಾಳ್ರಿ. ಹಿಂಗಾದ್ರ ಅರ್ಧ ಮಿರಜು ಅಣ್ಣ-ತಂಗಿ ಆಗತೈತ್ರಿ" ಎಂದೆ.

"ನಿನ್ನ ಸಲುವಾಗಿ ಸಮಾಜ ಕೆಡಿಸಬೇಕೇನು?" ಎಂದರು. ಕಂಪ್ಯೂಟರು ಒಪ್ಪದ ಸಂಬಂಧಕ್ಕೆ ಕೇಂದ್ರದ ಒಪ್ಪಿಗೆ ಇಲ್ಲವಂತೆ. ಕೇಂದ್ರ ಒಪ್ಪದಿದ್ದರೆ ಹುಡುಗಿಯ ಅಪ್ಪ ಒಪ್ಪುವ ಪೈಕಿ ಅಲ್ಲ.

ಎಂಥ ಅನ್ಯಾಯ! ನನ್ನ ಹೆಂಡತಿಯಾಗುವವಳನ್ನು ನಾನೇ ಕೂತು ತಂಗಿ ಮಾಡಬೇಕು, ಅದೂ ಸಂಬಳ ತೆಗೆದುಕೊಂಡು. ಸುದ್ದಿ ಹೇಳಿದರೆ ಆಕೆ ಅಳುತ್ತಾಳೆ ಎಂದುಕೊಂಡಿದ್ದೆ. "ಛಲೋ ಆತು ಬಿಡು, ದಾದಾ" ಎಂದು ದಡಕ್ಕನೆ ಬಾಗಿಲು ಹಾಕಿಕೊಂಡಳು. ದಾದಾ ಅಂದರೆ ಮರಾಠಿಯಲ್ಲಿ ಅಣ್ಣ.

ಮೇಳಾವ

ವಧು-ವರರನ್ನು ಒಟ್ಟು ಸೇರಿಸುವ ಮೇಳಾವ ಸಾಂಗಲಿಯ ದೊಡ್ಡ ಮಂಗಲ ಕಾರ್ಯಾಲಯದಲ್ಲಿ; ಮದುವೆಗಳು ನಡೆಯುವ ಛತ್ರವದು. ಕಾಲಿಡಲು ಜಾಗವಿಲ್ಲ. ವೇದಿಕೆಯ ಮೇಲೆ ಪರದೆ ಕಟ್ಟಿ, ಕಂಪ್ಯೂಟರ್ ಹೇಳಿದ್ದು ಎಲ್ಲರಿಗೂ ಕಾಣುವಂತೆ ಮಾಡಿದ್ದರು. ಹುಡುಗಿಯ ಅಪ್ಪ ಮುಂದಿನ ಸಾಲಿನಲ್ಲೇ ಕೂತಿದ್ದ.

ಅಧ್ಯಕ್ಷರು ಮೈಕಿನಲ್ಲಿ, "ಮೊದಲ ನಮ್ಮ ಜೋಡಿನ ಹಾಕು. ಮಂದಿ ನೋಡಲಿ" ಎಂದು ಹೆಂಡತಿಯನ್ನು ಮೇಲೆ ಕರೆದರು. ಅಧ್ಯಕ್ಷರು ಕಾಕಾ ಆದರೆ ಆಕೆ ನಮಗೆಲ್ಲ ಕಾಕು. ನಾನು ಒಂದೊಂದೇ ಕೇಳುತ್ತ ಟೈಪ್ ಮಾಡಿದೆ. ಅಪ್ಪ ಯಾರು, ಅವ್ವ ಯಾರು, ಸೋದರಮಾವ ಯಾರು. ಕಡೆಗೆ ಅಧ್ಯಕ್ಷರದೇ ನಿಯಮದ ಪ್ರಶ್ನೆ: "ಕಾಕು, ಯಾರ್‍ಯಾರಿಗೆ ರಾಖಿ ಕಟ್ಟೀರಿ?"

"ನಮ್ಮ ಅಣ್ಣತಮ್ಮಂದಿರಿಗೆ" ಎಂದು ಕಾಕು ಗಂಡನ ಕಡೆ ನೋಡಿದರು. "ಆಮ್ಯಾಲ ಇವ್ರಿಗೂ ಒಮ್ಮೆ. ದಿನಾ ಸಂಜಿಕೆ ನಮ್ಮ ಮನಿ ಮುಂದ ಸೈಕಲ್ ಗಂಟಿ ಬಾರಿಸ್ಕೋತ ತಿರಗತಿದ್ರು. ನಮ್ಮಪ್ಪ ಒಳಗ ಕರದು, ನನ್ನ ಕಡಿಂದ ರಾಖಿ ಕಟ್ಟಿಸೇ ಕಳಿಸಿದ."

"ಅದನ್ಯಾಕ ಹೇಳ್ತಿ ಇಲ್ಲಿ?"

"ನಿಯಮ ನಿಮ್ಮದ ಅಲ್ರಿ?"

ನಾನು ಗುಂಡಿ ಒತ್ತಿದೆ. ಪರದೆಯ ಮೇಲೆ ಬಿಂದಿಗೆಯಷ್ಟು ದೊಡ್ಡ ಅಕ್ಷರ ಮೂಡಿತು: "ಅಣ್ಣ-ತಂಗಿ. ಮದುವೆ ಮಾಡಲು ಬರುವುದಿಲ್ಲ." ಕಾರ್ಯಾಲಯ ಗೊಳ್ಳೆಂದಿತು.

"ಮಷೀನ್ ಕೆಟ್ಟೈತಿ!" ಎಂದು ಅಧ್ಯಕ್ಷರು ನನ್ನ ಮೇಲೆ ಹರಿಹಾಯ್ದರು. ತಪ್ಪು ಯಾರದೇ ಇರಲಿ, ಬೈಗುಳ ನನಗೇ.

"ಯಾಕ ಕೆಡತೈತ್ರಿ?" ಎಂದರು ಕಾಕು. "ದೀಪಾವಳಿಗೆ ಅಣ್ಣ ಆದಾಂವ ತಂಗಿಗೆ ಭಾವುಬೀಜದ ಸೀರಿ ಕೊಡಬೇಕು. ಲಗ್ನ ಆದಾಗಿಂದ ಎಲ್ಲಾ ವರ್ಷದ್ದೂ ತರ್ರಿ."

"ತಗಿಯೋ, ಆ ನಿಯಮ ತಗಿ!" ಅಧ್ಯಕ್ಷರ ಮೈಕು ಚಾಲೂ ಇತ್ತು.

ಜನ್ಮದಲ್ಲಿ ಏನನ್ನೂ ಅಷ್ಟು ಬೇಗ ಅಳಿಸಿಲ್ಲ ನಾನು. ಅದೇ ಉಸಿರಿನಲ್ಲಿ ನಮ್ಮಿಬ್ಬರ ಹೆಸರು ಹಾಕಿದೆ. "ಬರುತ್ತದೆ" ಎಂದಿತು. ಹುಡುಗಿಯ ಅಪ್ಪ ತಲೆಯಾಡಿಸಿದ. ಹಿಂದೆ ಗೋಡೆಗೆ ಒರಗಿ ನಿಂತಿದ್ದ ಆಕೆ ಅಂದು ಮೊದಲ ಸಲ ನಕ್ಕಳು.

ಅಷ್ಟಕ್ಕೇ ಮುಗಿಯಬೇಕಲ್ಲ! ಅಧ್ಯಕ್ಷರು ಮತ್ತೆ ಮೈಕು ಹಿಡಿದರು. ಕಾಲ ಬದಲಾಗಿದೆಯಂತೆ, ಯುವಕರ ಮನಸ್ಸು ಅರಿಯಬೇಕಂತೆ, ಆ ಹಾಳು ನಿಯಮವನ್ನು ಹೋರಾಡಿ ತೆಗೆಸಿದವರು ತಾವೇ ಅಂತೆ. ಜನ ಚಪ್ಪಾಳೆ ತಟ್ಟಿದರು. ನಾನು ಅಲ್ಲೇ ಹಲ್ಲು ಕಡಿಯುತ್ತ ವೈರು ಸುತ್ತುತ್ತಿದ್ದೆ. ಭಾಷಣ ನಿಲ್ಲುವ ಲಕ್ಷಣ ಕಾಣಲಿಲ್ಲ.

ಕಡೆಗೆ ಕಾಕುವೇ ಎದ್ದು ನಿಂತು ಕೂಗಿದರು.

"ಸಾಕ ಮಾಡ್ರಿ, ದಾದಾ! ಮಂದಿ ಹಸದಾರ."